ಕಾಫಿಯ ಬದಲು ಹಾಲು

ಮಾಟುಂಗ, ಮುಂಬಯಿ
೧೪ ಜುಲೈ ೨೦೨೪

ಪ್ರೀತಿಯ ಯಕ್ಷಿತಾ,

ಇವತ್ತು ಬೆಳಿಗ್ಗೆ ಅಮ್ಮ ನನ್ನ ಮುಂದೆ ಕಾಫಿಯ ಬದಲು ಖರ್ಜೂರ ಅರೆದು ಹಾಕಿದ ಹಾಲು ಇಟ್ಟಳು. ಅದರ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತ ನಿನಗೆ ಬರೆಯಲು ಕೂತೆ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಡಾಕ್ಟರು ರಜೆಯಲ್ಲಿದ್ದರು. ನಿನ್ನ ಫೋನನ್ನು ತಮ್ಮ ತೆಗೆದು ನೋಡುತ್ತಾನೆ ಎಂದಿದ್ದೆಯಲ್ಲ, ಅದಕ್ಕೇ ಇದನ್ನು ನೀನು ಪಾಠ ಮಾಡುವ ಕಾಲೇಜಿಗೆ ಕೊರಿಯರ್ ಮಾಡುತ್ತಿದ್ದೇನೆ.

ಗುರುವಾರ ಗ್ರಾಂಟ್ ರೋಡಿನ ಕ್ಲಿನಿಕ್ಕಿಗೆ ಹೋಗಿದ್ದೆ. ನಾನು ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ನಾಚುವವಳು. ಅಂಥವಳು ಡಾಕ್ಟರ ಎದುರು ಕೂತು, "ನನ್ನ ಗೆಳತಿಗೆ ಎಂಟನೇ ವಾರ. ಮದುವೆಯಾಗಿಲ್ಲ. ಕರ್ನಾಟಕದವಳು. ತೆಗೆಸಿಕೊಳ್ಳೋಕೆ ಇಲ್ಲಿಗೆ ಬರಬಹುದಾ?" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆ ವಯಸ್ಸಾದ ಮರಾಠಿ ಹೆಂಗಸು ನಕ್ಕುಬಿಟ್ಟರು. "ಅರೇ ಬೇಟಾ, ಕರ್ನಾಟಕ ಏನು ಬೇರೆ ದೇಶವಾ? ಕಾನೂನು ಎಲ್ಲ ಕಡೆ ಒಂದೇ. ಹದಿನೆಂಟು ತುಂಬಿದೆ ತಾನೆ? ಅವಳ ಸಹಿ ಸಾಕು. ಗಂಡನದೂ ಬೇಡ, ಅಪ್ಪನದೂ ಬೇಡ."

ನೀನು ಕೊಂಡಿಡಲು ಹೇಳಿದ್ದ ಕರಿಮಣಿಯ ಬಗ್ಗೆಯೂ ಕೇಳಿದೆ. "ಕುತ್ತಿಗೇಲಿ ಏನಿದೆ ಅಂತ ನಾನು ನೋಡೋದಿಲ್ಲ, ಬಿಪಿ ನೋಡ್ತೀನಿ" ಎಂದರು. ನಿನ್ನ ಹೆಸರನ್ನು ಹೊರಗೆ ಬಿಟ್ಟುಕೊಟ್ಟರೆ ಶಿಕ್ಷೆ ತಮಗೇ ಅಂತೆ. ಕರಿಮಣಿ ಕೊಳ್ಳಲಿಲ್ಲ ಕಣೇ.

ನಿಮ್ಮೂರಿನ ಡಾಕ್ಟರುಗಳಿಗೂ ಇದೇ ಕಾನೂನು. ಆದರೆ ಅವರೆಲ್ಲ ನಿನ್ನಪ್ಪನ ಹೋಟೆಲ್ಲಿನಲ್ಲಿ ತಿಂಡಿ ತಿನ್ನುವವರು. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಹಾಗೆಂದು ಮಾಟುಂಗಕ್ಕೆ ಮಾತ್ರ ಬರಬೇಡ! ಇಲ್ಲಿನ ಕನ್ನಡದವರ ಹೋಟೆಲುಗಳಲ್ಲಿ ದೋಸೆಗಿಂತ ಮೊದಲು "ಊರಲ್ಲಿ ಎಲ್ಲಾಯ್ತು ನಿಮ್ಮದು? ಯಾರ ಮಗಳು?" ಬರುತ್ತದೆ. ನನ್ನ ಜೊತೆ ಕೆಲಸ ಮಾಡುವ ಲಾವಣ್ಯಾಳ ಫ್ಲಾಟು ಕಾಂದಿವಲಿಯಲ್ಲಿದೆ, ಅವಳು ಯಾರನ್ನೂ ಏನನ್ನೂ ಕೇಳುವವಳಲ್ಲ. ನಾವಿಬ್ಬರೂ ಅಲ್ಲಿರೋಣ. ಶುಕ್ರವಾರಕ್ಕೆ ಡಾಕ್ಟರ ಸಮಯ ತೆಗೆದುಕೊಂಡಿದ್ದೇನೆ. ಠಾಣೆ ಸ್ಟೇಷನ್ನಿನಲ್ಲಿ ಇಳಿ, ನಾನು ನಿಂತಿರುತ್ತೇನೆ.

ನಿನಗೆ ಒಳ್ಳೆಯದೇ ಆಗುತ್ತದೆ. ಅಲ್ಲಿಯವರೆಗೆ ಊಟ ಬಿಡಬೇಡ, ರಾತ್ರಿ ಕಣ್ತುಂಬ ನಿದ್ದೆ ಬರಲಿ.

ನಿನ್ನ
ಧಾತ್ರಿ

ತಾ.ಕ.: ನೀನು ಮನೆಗೆ ಫೋನು ಮಾಡಿದರೆ ಅಮ್ಮನ ಸ್ವರ ಬೇರೆಯಾಗಿ ಕೇಳಬಹುದು, ಅದಕ್ಕೆ ಹೇಳುತ್ತಿದ್ದೇನೆ. ಕ್ಲಿನಿಕ್ಕಿನಿಂದ ಹೊರಬರುವಾಗ ಕನ್ನಡ ಸಂಘದ ಶೀಲಾವತಿ ಆಂಟಿ ನನ್ನನ್ನು ನೋಡಿದರು. ಸಂಜೆಯೊಳಗೆ ಸುದ್ದಿ ಅಮ್ಮನಿಗೆ ಮುಟ್ಟಿತ್ತು. ಅವತ್ತಿನಿಂದ ಅಮ್ಮ ನನ್ನ ಮುಖ ನೋಡಿ ಮಾತಾಡಿಲ್ಲ. ನಿನ್ನೆ ಒಲೆಯ ಕಡೆ ತಿರುಗಿಕೊಂಡೇ, "ನಂಗೆ ಒಂದು ಮಾತು ಹೇಳಬಹುದಿತ್ತು ಕಣೇ, ಜೊತೆಗೆ ಬರ್ತಿದ್ದೆ" ಎಂದಳು. ನಾನಲ್ಲ ಎನ್ನುವ ಮಾತು ತುಟಿಯವರೆಗೆ ಬಂತು. ಹಾಗೆ ಹೇಳಿದರೆ, "ಮತ್ಯಾರು?" ಎನ್ನುತ್ತಾಳೆ. ಅಮ್ಮನಿಗೆ ಗೊತ್ತಿರುವ ನನ್ನ ಗೆಳತಿ ನೀನೊಬ್ಬಳೇ. ಹೆಸರು ಹೇಳಬಾರದೆಂಬ ಕಾನೂನು ಡಾಕ್ಟರಿಗಿದೆ, ಶೀಲಾವತಿ ಆಂಟಿಗಿಲ್ಲ. ಆ ಕಾನೂನು ನನಗೂ ಇರಲಿ ಎಂದುಕೊಂಡೆ. ಹಾಲು ಕುಡಿದು ಲೋಟ ತೊಳೆದಿಟ್ಟೆ.