ತೆರೆಯದ ಆರು ಪತ್ರಗಳು

ಗುತ್ತಲು, ಮಂಡ್ಯ
9 ನವೆಂಬರ್ 2025, ಭಾನುವಾರ

ಪ್ರೀತಿಯ ರೂಪ,

ಕ್ಷೇಮವೇ? ಮದ್ದೂರಿನಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ದೀಪಿಕ ಹೇಳಿದಳು. ಲಕೋಟೆಯ ಮೇಲಿನ ಕೈಬರಹ ಯಾರದೆಂದು ನಿನಗೆ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಹರಿದು ಹಾಕದೆ ತೆರೆದೆಯಲ್ಲ, ಅಷ್ಟು ಸಾಕು. ಉತ್ತರ ತಡವಾಯಿತು, ಕ್ಷಮಿಸು ಎಂದು ಶುರುಮಾಡಬೇಕು. ಹನ್ನೆರಡು ವರ್ಷ ಎಂಟು ತಿಂಗಳ ತಡಕ್ಕೆ ಆ ಮಾತು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಫೋನ್ ನಂಬರನ್ನೂ ಕೇಳಿದ್ದೆ. "ಅಕ್ಕನ್ನ ಕೇಳ್ದೆ ಕೊಡಾಕಾಗಲ್ಲ" ಎಂದು ದೀಪಿಕ ವಿಳಾಸ ಮಾತ್ರ ಕೊಟ್ಟಳು.

ನಾನು ಇಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಪ್ಪನಿಗೆ ಮಂಡಿನೋವು, ಆದರೂ ಬೆಳಿಗ್ಗೆ ನಡೆಯುವುದು ಬಿಟ್ಟಿಲ್ಲ.

ಹೋದ ವಾರ ಪೋಷಕರು ಕಳಿಸಿದ ಈಮೇಲ್‌ಗಳು ನನಗೆ ತಲುಪದೆ ಹಿಂದಿರುಗತೊಡಗಿದವು. ನಮ್ಮ ಶಾಲೆಯ ಆಫೀಸಿನ ಸಂತೋಷ್ ನೋಡಿ, "ಮೇಡಂ, ನಿಮ್ ಮೇಲ್‌ಬಾಕ್ಸ್ ತುಂಬೋಗದೆ. ಹಳೇದನ್ನೆಲ್ಲ ವರ್ಸದ ಪ್ರಕಾರ ಕಂಪ್ಯೂಟರ್‌ಗೆ ಇಳಿಸ್ಕೊಂಡು ಆಮೇಲೆ ಅಲ್ಲಿಂದ ತೆಗೀರಿ. ನೋಡ್ದೆ ಮಾತ್ರ ಅಳಿಸ್ಬೇಡಿ" ಎಂದ. ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಬ್ಯಾಂಕಿನ ಜಾಹೀರಾತು, ಬಿ.ಎಡ್. ಟಿಪ್ಪಣಿ, ಯಾರದೋ ಗೃಹಪ್ರವೇಶದ ಫೋಟೋ. 2010 ಮುಗಿಯಿತು, 2011, 2012. ಬೇಸರವೂ ಆಗುತ್ತಿತ್ತು, ಒಂಥರಾ ಖುಷಿಯೂ ಆಗುತ್ತಿತ್ತು.

2013ರ ಮಾರ್ಚಿನಲ್ಲಿ ನಿನ್ನ ಹೆಸರು ಸಿಕ್ಕಿತು, ದಪ್ಪ ಅಕ್ಷರದಲ್ಲಿ. ಓದದ ಪತ್ರಗಳು ಹಾಗೆ ದಪ್ಪಗೆ ಇರುತ್ತವೆ, ನಿನಗೆ ಗೊತ್ತಲ್ಲ. ಒಂದಲ್ಲ, ಆರು. ಯಾವುದನ್ನೂ ನಾನು ತೆರೆದಿರಲಿಲ್ಲ.

ಒಂದನ್ನು ತೆರೆದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ರಂಜನಿ, ಮಳವಳ್ಳಿ ಸೈಬರಿಂದ ಬರೀತಿದೀನಿ. ಅಪ್ಪ ನನ್ನ ಫೋನ್ ಕಿತ್ತಿಟ್ಕೊಂಡವ್ರೆ. ನಿನ್ನ ಹಳೇ ನಂಬರ್‌ಗೆ ಮಾಡ್ದೆ, ಹೋಗ್ತಿಲ್ಲ. ದೀಪಿಕಂಗೆ ಇನ್ನೂ ಹದಿನೇಳು, ಆಗ್ಲೇ ಮದುವೆ ಗೊತ್ತು ಮಾಡವ್ರೆ. ಪರೀಕ್ಷೆ ಮುಗಿಯೋವರ್ಗೂ ನಿಮ್ಮನೇಲಿ ಇಪ್ಪತ್ತು ದಿನ ಇಟ್ಕೋ ಸಾಕು. ಅಷ್ಟರಲ್ಲಿ ಗಂಡಿನ ಕಡೆಯೋರು ಬೇರೆ ಕಡೆ ನೋಡ್ಕೋತಾರೆ." ಮುಂದಿನದರಲ್ಲಿ, "ಅವಳು ವಿ.ಸಿ. ಫಾರಂ ಕಾಲೇಜಲ್ಲಿ ಬಿ.ಎಸ್ಸಿ. ಅಗ್ರಿ ಓದ್ತೀನಿ ಅಂತ ಹಟ ಹಿಡಿದವ್ಳೆ." ಅದರ ಮುಂದಿನದರಲ್ಲಿ ಒಂದೇ ಸಾಲು: "ಇದೀಯಾ?" ಐದನೆಯದು, "ನಾನೇ ಕರ್ಕೊಂಡು ಬಂದು ನಿಮ್ಮ ಬಾಗಿಲಲ್ಲಿ ನಿಂತ್ಕೋಬೋದು. ಆದ್ರೆ ಅವಳ ಎದುರಿಗೆ ಯಾರಾದ್ರೂ ಇಲ್ಲ ಅಂದ್ರೆ ತಡ್ಕೊಳಕಾಗಲ್ಲ ನಂಗೆ. ನೀನು ಹೂಂ ಅಂದ್ರೆ ಮಾತ್ರ ಬರ್ತೀನಿ." ಕೊನೆಯದು, "ದೀಪಿಕನ ಮದುವೆ ಆಗೋಯ್ತು. ಇನ್ನು ಉತ್ತರ ಬೇಡ."

ಅಪ್ಪ ಒಳಗಿನಿಂದ ಕಾಫಿ ಎಂದು ಎರಡು ಸಲ ಕೂಗಿದರಂತೆ, ನನಗೆ ಕೇಳಿಸಲೇ ಇಲ್ಲ. ಮೂರು ವರ್ಷ ಕಳೆದ ಮೇಲೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನೀನು ಎದುರು ಸಿಕ್ಕಿ, ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಬಸ್ ಹತ್ತಿದೆಯಲ್ಲ, ಅದು ನೆನಪಾಯಿತು. ಆವತ್ತು ಮನೆಗೆ ಬಂದು ಅಮ್ಮನ ಹತ್ತಿರ, "ರೂಪನಿಗೆ ಎಷ್ಟು ಜಂಬ ಬಂದಿದೆ ನೋಡು" ಎಂದಿದ್ದೆ.

ಮಾರನೆಯ ಭಾನುವಾರವೇ ಬಸ್ ಹಿಡಿದು ಕಿರುಗಾವಲಿಗೆ ಹೋದೆ. ನಿಮ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಕಿರಿದು ಮಾಡಿ ನೋಡಿ, "ಗುತ್ತಲಿನ ಐನೋರ ಮಗ್ಳಲ್ವಾ ನೀನು? ಈಗ ಬಂದ್ಯಾ?" ಎಂದರು. ನಾನು ಚಪ್ಪಲಿ ಬಿಟ್ಟು ಜಗಲಿಯ ಕೆಳಗೇ ನಿಂತೆ. "ರೂಪಂಗೆ ನಿನ್ ಮ್ಯಾಲೆ ಬಾಳ ನಂಬ್ಕೆ ಇತ್ತು ಕಣವ್ವ. ಅವ್ರಪ್ಪಂಗೆ ಎದುರು ಮಾತಾಡಾಕೆ ನಂಗೆ ಧೈರ್ಯ ಇರ್ನಿಲ್ಲ. ನಿನ್ನ ದೂರಿ ಏನ್ ಮಾಡ್ಲಿ, ಕೂತ್ಕೊ" ಎಂದು ಪಕ್ಕದ ಬೀದಿಯಲ್ಲಿದ್ದ ಮಗಳಿಗೆ ಹೇಳಿಕಳಿಸಿದರು.

ದೀಪಿಕ ಹೊಲಿಗೆ ಅಂಗಡಿಯಿಂದ ಎದ್ದು ಬಂದಳು, ಕೊರಳಲ್ಲಿ ಅಳತೆಯ ಟೇಪು. ಹತ್ತು ವರ್ಷದ ಮಗಳಿದ್ದಾಳಂತೆ. ಗಂಡ ದೇವರಾಜು ಹೇಗೆ ಎಂದು ಕೇಳಿದೆ.

"ಕೆಟ್ಟೋರೇನಲ್ಲ. ಒಡೆಯಲ್ಲ, ಬಯ್ಯಲ್ಲ. ಆದ್ರೆ ನಾನು ಓದ್ಬೇಕಿತ್ತು ಅಕ್ಕ" ಎಂದಳು.

ನಿನ್ನ ಪತ್ರಗಳ ವಿಷಯ ಹೇಳಿದೆ. ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಕ್ಕ ಬಟ್ಟೆ, ಪುಸ್ತಕ ಎಲ್ಲಾನೂ ಚೀಲಕ್ಕೆ ತುಂಬ್ಸಿ ಅಟ್ಟದ ಮ್ಯಾಲೆ ಬಚ್ಚಿಟ್ಟಿದ್ಲು. ರಂಜನಿ ಹೂಂ ಅಂದ ತಕ್ಷಣ ಮೊದ್ಲ ಬಸ್ಸಿಗೇ ಓಗನ ಅಂತಿದ್ಲು. ಹನ್ನೊಂದು ದಿನ ನಾನು ದಿನಾ ಬೆಳಿಗ್ಗೆ ತಲೆ ಬಾಚ್ಕೊಂಡು ಕೂತಿರ್ತಿದ್ದೆ. ಹಾಲ್ ಟಿಕೆಟ್ಟು ಈಗ್ಲೂ ಅದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ನನಗೆ ಪತ್ರ ಸಿಗಲೇ ಇಲ್ಲ ದೀಪಿಕ" ಎಂದೆ.

"ಅಂಗಾ? ಬುಡಿ ಅಕ್ಕ, ಕಂಪ್ಯೂಟರ್ ಮಾಡಿದ್ದಕ್ಕೆ ನೀವೇನ್ ಮಾಡಾಕಾಯ್ತದೆ" ಎಂದು ನನ್ನ ಕೈ ಹಿಡಿದಳು. ಬರುವಾಗ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟಳು. ಬೇಡವೆನ್ನಲು ಆಗಲಿಲ್ಲ.

ಈ ವರ್ಷ ಅವಳು ಪಿ.ಯು. ಪರೀಕ್ಷೆಗೆ ಖಾಸಗಿಯಾಗಿ ಕಟ್ಟುತ್ತಾಳಂತೆ, ಅದೂ ಗಂಡನೇ ಹೇಳಿದನಂತೆ. ನಾನು ಪಾಠ ಹೇಳಿಕೊಡುತ್ತೇನೆ ಎಂದಿದ್ದೇನೆ. "ಅಕ್ಕನ್ನ ಕೇಳ್ತೀನಿ" ಎಂದಿದ್ದಾಳೆ. ನೀನು ಬೇಡ ಎಂದರೆ ಹೋಗುವುದಿಲ್ಲ. ಹೂಂ ಎಂದರೆ ಪ್ರತಿ ಭಾನುವಾರ ಕಿರುಗಾವಲಿನಲ್ಲಿರುತ್ತೇನೆ.

ನಿನ್ನ ಪತ್ರಗಳನ್ನು ಬೇರೆ ಕಡೆಗೆ ಸಾಗಿಸಲಿಲ್ಲ. ಮೇಲ್‌ಬಾಕ್ಸ್ ಇನ್ನೂ ತುಂಬಿಯೇ ಇದೆ. ನಿನ್ನ ಸಂಸಾರ ತಣ್ಣಗಿರಲಿ, ಮಕ್ಕಳು ಇಷ್ಟಪಟ್ಟಷ್ಟು ಓದಲಿ.

ಇಂತಿ ನಿನ್ನ,
ರಂಜನಿ

ಮರೆತ ಮಾತು: ಮೇಲೆ ಬರೆದದ್ದನ್ನು ಹಾಗೆಯೇ ಅಂಟಿಸಿ ಕಳಿಸಬೇಕೆಂದಿದ್ದೆ, ಆಗಲಿಲ್ಲ. ನಿನ್ನ ಪತ್ರಗಳು ಆರಲ್ಲ ರೂಪ, ಏಳು. ಮೊದಲನೆಯದು ದಪ್ಪ ಅಕ್ಷರದಲ್ಲಿರಲಿಲ್ಲ. ಅದನ್ನು ನಾನು ಬಂದ ದಿನವೇ ಓದಿದ್ದೆ. ನಿಮ್ಮ ಜಾತಿಯ ಹುಡುಗಿ ಇಪ್ಪತ್ತು ದಿನ ನಮ್ಮ ಅಡುಗೆಮನೆಯಲ್ಲಿ ಓಡಾಡಿಕೊಂಡಿರುತ್ತಾಳೆ ಎಂದರೆ ಅಮ್ಮ ಏನನ್ನುತ್ತಾಳೋ ಎಂದು ಹೆದರಿ, ಆ ಪತ್ರ ಮತ್ತೆ ಕಣ್ಣಿಗೆ ಬೀಳದಂತೆ ಮ್ಯೂಟ್ ಮಾಡಿದೆ. ಹಾಗೆ ಮಾಡಿದರೆ ಅದರ ಬೆನ್ನಿಗೆ ಬರುವುದೆಲ್ಲ ಸದ್ದಿಲ್ಲದೆ ಹಳೆಯ ಪತ್ರಗಳ ಜೊತೆ ಸೇರಿಹೋಗುತ್ತದೆ. ಕಂಪ್ಯೂಟರ್ ಏನೂ ಮಾಡಲಿಲ್ಲ. ದೀಪಿಕನಿಗೆ ಸುಳ್ಳು ಹೇಳಿ ಅವಳ ಕೈಯಿಂದ ಕಾಳು ಇಸಿದುಕೊಂಡು ಬಂದೆ. ಅಮ್ಮನನ್ನು ನಾನು ಕೇಳಲೇ ಇಲ್ಲ. ಈಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು, "ಕೇಳಬೇಕಿತ್ತಮ್ಮ. ಹಿಂದಿನ ಕೋಣೆ ಖಾಲಿಯೇ ಇತ್ತಲ್ಲ" ಎಂದರು.