ಆಚೆ ದಂಡೆಯ ಭತ್ತ

ಸಿರುಗುಪ್ಪ
ಸೋಮವಾರ, ೧೨–೭–೧೯೪೮

ಪ್ರೀತಿಯ ಗಾದೆಪ್ಪಣ್ಣನಿಗೆ ತಂಗಿ ಹಂಪಮ್ಮನ ನಮಸ್ಕಾರ.

ಕುರುಗೋಡಿನಲ್ಲಿ ಎಲ್ಲರೂ ಹೇಗಿದ್ದೀರಿ? ಮಳೆ ಹಿಡಿದ ಮೇಲೆ ಅವ್ವನ ಮಂಡಿನೋವು ಹೆಚ್ಚಾಗಿರಬೇಕು. ರಾತ್ರಿ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ಅತ್ತಿಗೆಗೆ ಹೇಳು. ಅವ್ವ ಬೇಡ ಅಂತಾಳೆ, ಕೇಳಬೇಡಿ.

ನಮ್ಮ ಮಂಡಕ್ಕಿ ಭಟ್ಟಿ ಹೋದ ವಾರದಿಂದ ಆರಿದೆ. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಕೋವಿ ಹಿಡಿದವರ ಹಾವಳಿ ಹೆಚ್ಚಿ, ಸುಂಕಣ್ಣನ ಭತ್ತ ಬರುವುದು ನಿಂತಿತು. ಅವನನ್ನು ನೀನು ನಮ್ಮ ಮದುವೆಯಲ್ಲಿ ನೋಡಿದ್ದೀ, ಹೊಳೆದಂಡೆಯ ತುಂಡು ಗದ್ದೆಯಲ್ಲಿ ಬೆಳೆದು ಹರಿಗೋಲಿನಲ್ಲಿ ಚೀಲ ತರುವ ಆ ಎತ್ತರದ ಮನುಷ್ಯ. ಅವನ ಭತ್ತದ ಮಂಡಕ್ಕಿ ಚೆನ್ನಾಗಿ ಅರಳುತ್ತದೆಂದು ಬಳ್ಳಾರಿ ಬಜಾರಿನವರು ನಮ್ಮ ಚೀಲವನ್ನೇ ಕೇಳುತ್ತಾರೆ. ಈಗ ಭತ್ತ ಕುಟ್ಟುವ ಹೆಂಗಸರು, ಮೊರ ಹಿಡಿಯುವ ಜಡೆಮ್ಮ, ಬಳ್ಳಾರಿಗೆ ಚೀಲ ಸಾಗಿಸುವ ಗಾಡಿಯವರು, ಎಲ್ಲರೂ ಬೆಳಿಗ್ಗೆ ಬಾಗಿಲಿಗೆ ಬಂದು ಸುಮ್ಮನೆ ನಿಂತು ಹೋಗುತ್ತಾರೆ.

ಶನಿವಾರ ಹರಿಗೋಲಿನ ಜಡೆಪ್ಪ ಬಂದ. "ಅಕ್ಕಾ, ಸುಂಕಣ್ಣನ ಊರಾಗ ಕಣಜ ಎಲ್ಲಾ ಒಡದಾರ. ಅಂವ ಹೆಂಡ್ತಿ ಮಕ್ಕಳ್ನ ಕಟ್ಕೊಂಡು ಆಚಿ ದಂಡಿ ಜೊಂಡಿನಾಗ ಅಡಗ್ಯಾನ" ಅಂದ. ಮನೆಯವರು ಎದ್ದು ಚಪ್ಪಲಿ ಮೆಟ್ಟಿದರು. ನಾನು ಅಂಗಿ ಹಿಡಿದು ಎಳೆದೆ. "ಇಷ್ಟು ವರ್ಷ ಅವನ ಭತ್ತದಾಗ ಉಂಡೀವಿ. ಈಗ ಬಾಗ್ಲ ಹಾಕ್ಕೊಂಡು ಕುಂದರ್ಲೇನು?" ಅಂದರು. ನಾನು ಕೈ ಬಿಟ್ಟೆ.

ಅವರು ಜಡೆಪ್ಪನ ಜೊತೆ ಹರಿಗೋಲು ಹತ್ತಿದರು, ನಾನು ಕೆಂಚನಗುಡ್ಡದ ದಂಡೆಯಲ್ಲಿ ನಿಂತೆ. ಹೊಳೆ ಕೆಂಪಗೆ ತುಂಬಿ ಹೋಗುತ್ತಿತ್ತು. ಆಚೆ ಒಂದು ಗುಂಡಿನ ಸದ್ದಾಯಿತು. ಮುಚ್ಚಂಜೆಗೆ ಹರಿಗೋಲು ತಿರುಗುತ್ತ ತಿರುಗುತ್ತ ಬಂತು. ಅದರಲ್ಲಿ ಜಡೆಪ್ಪ, ಮನೆಯವರು, ಸುಂಕಣ್ಣನ ಹೆಂಡತಿ ಪಾರಮ್ಮ, ಎರಡು ಮಕ್ಕಳು, ಅವಳ ಮಡಿಲಲ್ಲಿ ಬಿತ್ತನೆ ಭತ್ತದ ಗಂಟು. ಸೆಳವು ಜೋರಿತ್ತು, ಭಾರ ಹೆಚ್ಚಾಗುತ್ತದೆಂದು ಸುಂಕಣ್ಣ ಅಲ್ಲೇ ಉಳಿದನಂತೆ.

ಈಗ ಅವರು ನಮ್ಮ ಮನೆಯಲ್ಲೇ ಇದ್ದಾರೆ. ತಂಬಿಗೆ ಉರುಳಿದರೂ ಮಕ್ಕಳು ಖಾಲಿ ಚೀಲಗಳ ಹಿಂದೆ ಓಡಿ ಕೂರುತ್ತವೆ. ನಾನೂ ಬೆಚ್ಚುತ್ತೇನೆ, ತೋರಿಸಿಕೊಳ್ಳುವುದಿಲ್ಲ. ನಿಮ್ಮ ಕಡೆ ಯಾರಾದರೂ ರೈತರ ಬಳಿ ಹಳೆಯ ಭತ್ತ ಇದ್ದರೆ ವಿಚಾರಿಸು, ಭಟ್ಟಿ ಹೊತ್ತಿಸಬೇಕು. ಮನೆಯವರು ಈಗ ಮನೆಯಲ್ಲಿಲ್ಲ. ಎಲ್ಲಿಗೆ ಹೋದರೆಂದು ಬರೆಯಲು ಕೈ ಬರುತ್ತಿಲ್ಲ.

ಅವ್ವನ ಪಾದಕ್ಕೆ ನನ್ನ ಹಣೆ ಮುಟ್ಟಿತೆಂದು ಹೇಳು. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಹಂಪಮ್ಮ

ತಾ.ಕ.: ಅಣ್ಣಾ, ಇದನ್ನು ಅವ್ವನಿಗೆ ಓದಬೇಡ. ಮನೆಯವರು ಇವತ್ತು ನಸುಕಿನಲ್ಲಿ ಸುಂಕಣ್ಣನನ್ನು ಕರೆತರಲು ಮತ್ತೆ ಹೊಳೆ ದಾಟಿದ್ದರು. ಈಗ ಇಬ್ಬರೂ ಬಂದರು. ಇವರ ತೊಡೆಗೆ ಗುಂಡು ಬಿದ್ದಿದೆ, ನನ್ನ ಸೀರೆ ಹರಿದು ಕಟ್ಟಿದ್ದೇನೆ, ರಕ್ತ ನಿಲ್ಲುತ್ತಿಲ್ಲ. ಮಾತಾಡುತ್ತಿದ್ದಾರೆ. ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೊರಟೆವು, ಕುರುಗೋಡಿಗೆ ಬರುವ ಹಂಪಯ್ಯನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿದ ಕೂಡಲೇ ನೀನು ಅಲ್ಲಿಗೇ ಬಾ, ನನಗೆ ಬಹಳ ಹೆದರಿಕೆಯಾಗಿದೆ. ಮನೆ ಪಾರಮ್ಮ ನೋಡಿಕೊಳ್ಳುತ್ತಾಳೆ. ಗಾಡಿ ಸುಂಕಣ್ಣ ಹೊಡೆಯುತ್ತಾನೆ.