ಹಡಗಿನ ಪಾಠ ಚೆನ್ನಾಗಿ ನಡೆಯುತ್ತಿದೆ

ಮಾನ್ಯ ಶಾಲಾ ಅಧೀಕ್ಷಕರೇ,

ಶಿಕ್ಷಕರಿಗೆ ಓದು ಕಲಿಸುವುದನ್ನು ಕಲಿಸಲೆಂದು ನೇಮಕವಾದ ನಮ್ಮ ಓದಿನ ಕೋಚ್‌ಗೆ ನೀವು ಶಿಕ್ಷಕರಿಗೆ ಅಂಕ ಹಾಕುವ ಕೆಲಸವನ್ನೂ ಕೊಟ್ಟಿರಿ. ಅಂದಿನಿಂದ ನಮ್ಮಲ್ಲಿ ಯಾರೂ ಆಕೆಯನ್ನು ಏನನ್ನೂ ಕೇಳುತ್ತಿಲ್ಲ. ದೂರು ಇಷ್ಟೆ. ನಿಮಗೆ ಬಿಡುವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು; ಪಟ್ಟಣದ ಉಳಿದವರು ಮುಂದೆ ಓದಲಿ ಎಂದೇ ಇದನ್ನು ವಾರಪತ್ರಿಕೆಗೂ ಕಳಿಸಿದ್ದೇನೆ.

ಮೊದಲು ಅಭಿನಂದನೆ. ಆಗಸ್ಟ್‌ನಲ್ಲಿ ನಮ್ಮನ್ನೆಲ್ಲ ಊಟದ ಹಾಲ್‌ನಲ್ಲಿ ಮಕ್ಕಳ ಬೆಂಚುಗಳ ಮೇಲೆ ಕೂರಿಸಿ, "ಇನ್ಮೇಲೆ ಯಾರ ಕ್ಲಾಸಲ್ಲಿ ಏನು ನಡೀತಿದೆ ಅಂತ ನಮಗೆ ಗೊತ್ತಾಗುತ್ತೆ" ಎಂದಿದ್ದಿರಿ. ಗೊತ್ತಾಗಿದೆ. ನಿಮ್ಮ ಜನವರಿಯ ವರದಿಯ ಪ್ರಕಾರ ನಮ್ಮ ಕ್ರೋಲಿ ಲ್ಯಾಂಡಿಂಗ್ ಪಟ್ಟಣದ ಎಲ್ಲ ತರಗತಿಗಳಲ್ಲೂ ಓದಿನ ಬೋಧನೆ ಅತ್ಯುತ್ತಮವಾಗಿದೆ. ಒಂದು ಕೋಣೆಯಲ್ಲೂ ತೊಡಕಿಲ್ಲ. ತೊಡಕೇ ಇಲ್ಲದ ಜಾಗದಲ್ಲಿ ಯಾರಾದರೂ ಏನನ್ನಾದರೂ ಕಲಿಯುತ್ತಿರಬಹುದೇ ಎಂಬ ಸಂಶಯ ಶಿಕ್ಷಣದ ಹೊಣೆ ಹೊತ್ತವರಿಗೆ ಬರಬೇಕಿತ್ತಲ್ಲವೇ?

ಕೋಚ್ ಡೆಲ್ಫೀನ್ ಮೊದಲು ಏನು ಮಾಡುತ್ತಿದ್ದಳೆಂದು ಹೇಳುತ್ತೇನೆ. ನನ್ನ ಮೂರನೇ ತರಗತಿಗೆ ಆಕೆ ಬರುತ್ತಿದ್ದದ್ದು ನಾನು ಕರೆದಾಗ. ಕೆಲವು ದಿನ ಪಾಠ ಆಕೆಯದು; ನಾನು ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತು ನನ್ನದೇ ಮಕ್ಕಳನ್ನು ಹೊಸಬರಂತೆ ನೋಡುತ್ತಿದ್ದೆ. ಕೆಲವು ದಿನ ಆ ಕುರ್ಚಿಯಲ್ಲಿ ಆಕೆ. ಮಕ್ಕಳು ಆಟಕ್ಕೆ ಹೋದ ಮೇಲೆ ಬಾಗಿಲು ಮುಚ್ಚಿ ಮಾತು. ಒಮ್ಮೆ ಕೇಳಿದಳು:

"ಮಗು ಓದ್ತಾ ಓದ್ತಾ ಒಂದು ಪದದ ಹತ್ರ ನಿಂತ್ಕೊಂಡ್ರೆ ನೀನೇನು ಮಾಡ್ತೀಯ?"

"ಸಹಾಯ ಮಾಡ್ತೀನಿ."

"ಸಹಾಯ ಅಲ್ಲ ಕಣೇ ಅದು. ನೀನೇ ಓದ್ಬಿಡ್ತೀಯ. ಪಾಪ, ಅದಿನ್ನೂ ಬಾಯೇ ತೆರೆದಿರಲ್ಲ."

"ನಿಂತಿರೋ ಮಗೂನ ಸುಮ್ನೆ ನೋಡ್ತಾ ಕೂರೋಕೆ ನನ್ನಿಂದಾಗಲ್ಲ, ಡೆಲ್ಫೀನ್."

"ಗೊತ್ತು. ತಗೋ." ಜೇಬಿನಿಂದ ಒಂದು ಹಿಡಿ ಪೆಪ್ಪರ್‌ಮಿಂಟ್ ತೆಗೆದು ನನ್ನ ಮೇಜಿನ ಮೇಲೆ ಸುರಿದಳು. "ಮಗು ನಿಂತ ತಕ್ಷಣ ಒಂದು ಬಾಯಿಗೆ ಹಾಕ್ಕೋ. ಕರಗೋವರೆಗೂ ಮಾತಿಲ್ಲ. ಕಡಿಯೋ ಹಾಗೂ ಇಲ್ಲ."

ಆ ವರ್ಷ ನನ್ನ ಕೋಣೆ ಕ್ರಿಸ್‌ಮಸ್ ಅಂಗಡಿಯಂತೆ ಘಮಘಮಿಸುತ್ತಿತ್ತು. ನನ್ನ ಹಲ್ಲಿನ ವೈದ್ಯರಿಗೆ ಇದು ಹಿಡಿಸಲಿಲ್ಲ. ಆದರೆ ಆ ಮೌನದಲ್ಲಿ ಮಕ್ಕಳು ಪದದ ಈ ತುದಿಯಿಂದ ಆ ತುದಿಗೆ ತಾವೇ ನಡೆದು ಹೋದರು. ನಾನು ಅಲ್ಲಿಯವರೆಗೆ ಕೊಡುತ್ತಿದ್ದ ಸಹಾಯ ನನ್ನ ಅಸಹನೆಗೆ ನಾನಿಟ್ಟ ಹೆಸರು ಎಂದು ನನಗೆ ಹೊಳೆದದ್ದು ಬಾಯಿ ತುಂಬಿದ್ದಾಗ. ಇಂಥದ್ದನ್ನು ಡೆಲ್ಫೀನ್ ನನಗೆ ಹೇಳಬಹುದಿತ್ತು, ನಾನು ಕೇಳಿಸಿಕೊಳ್ಳಬಹುದಿತ್ತು. ಏಕೆಂದರೆ ಆ ಮಾತು ಬಾಗಿಲು ದಾಟುತ್ತಿರಲಿಲ್ಲ.

ಶುಕ್ರವಾರ ಸಂಜೆ ಫುಟ್‌ಬಾಲ್ ಮೈದಾನದಲ್ಲಿ ನಿಮ್ಮನ್ನು ತಪ್ಪದೆ ನೋಡುತ್ತೇನೆ. ನಮ್ಮ ಹುಡುಗರ ಕೋಚ್ ಗಂಟಲು ಹರಿಯುವಂತೆ ಕೂಗುತ್ತಾನೆ. ಅವನ ಕೈಗೆ ರೆಫರಿಯ ಸೀಟಿಯನ್ನೂ ಕೊಟ್ಟರೆ ಖರ್ಚು ಉಳಿಯುತ್ತದೆ ಎಂದು ನೀವು ಈವರೆಗೆ ಸೂಚಿಸಿಲ್ಲ. ಸೂಚಿಸಿದ್ದರೆ ಊರು ನಿಮ್ಮನ್ನು ಅಲ್ಲೇ ನದಿಗೆ ನೂಕುತ್ತಿತ್ತು. ಮೊಣಕಾಲು ನೋಯುವ ಆಟಗಾರ ಅದನ್ನು ಯಾರ ಕಿವಿಯಲ್ಲಿ ಹೇಳುತ್ತಾನೆ, ಸೀಟಿ ಹಿಡಿದವನ ಕಿವಿಯಲ್ಲೇ? ಚೆಂಡಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವುದು ಓದಿನ ವಿಷಯದಲ್ಲಿ ಏಕೆ ಮಸುಕಾಗುತ್ತದೆ?

ಈಗ ಡೆಲ್ಫೀನ್ ಹೇಳದೆ ಬರುತ್ತಾಳೆ, ನೀವು ಕೊಟ್ಟ ಟ್ಯಾಬ್ಲೆಟ್ ಹಿಡಿದು. ಆದ್ದರಿಂದ ನಾವೆಲ್ಲ ಒಂದೊಂದು ಪಾಠ ಸಿದ್ಧವಾಗಿಟ್ಟಿದ್ದೇವೆ, ಅತಿಥಿಗಳಿಗೆಂದು ತೆಗೆದಿಟ್ಟ ತಟ್ಟೆಯಂತೆ. ನನ್ನದು, ಬಂದರು ಬಿಟ್ಟ ಹಡಗು ಬಿರುಗಾಳಿಗೆ ಸಿಲುಕುವ ಒಂದು ಪುಟ. ಕಿಟಕಿಯ ಪಕ್ಕ ಕೂರುವ ಪಿಲರ್ ಎಂಬ ಹುಡುಗಿಗೆ ಕಾರಿಡಾರ್ ಕಾಣುತ್ತದೆ.

"ಮಿಸ್ ಕಾರ್ಲಿಸ್, ಬಂದ್ರು. ಹಡಗು ತೆಗೀಲಾ?"

ಮೊದಲ ಸಲ ಗದರಿದೆ. ಈಗ ತಲೆಯಾಡಿಸುತ್ತೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ಮಾರ್ಲೀ ಎನ್ನೋಣ, ಅದು ಅವಳ ಹೆಸರಲ್ಲ. ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಚಿತ್ರದಿಂದ ಊಹಿಸುತ್ತಾಳೆ. ಪೆಪ್ಪರ್‌ಮಿಂಟ್ ಅವಳ ಮುಂದೆ ಸೋತಿದೆ. ಅದು ಕರಗಿದ ಮೇಲೂ ಅವಳು ಮೌನವಾಗಿಯೇ ಇರುತ್ತಾಳೆ. ಏಪ್ರಿಲ್‌ನಲ್ಲಿ ರಾಜ್ಯದ ಓದಿನ ಪರೀಕ್ಷೆ. ಪಾಸಾಗದಿದ್ದರೆ ಮತ್ತೆ ಮೂರನೇ ತರಗತಿ, ಅದೇ ಕುರ್ಚಿ, ತನಗಿಂತ ಚಿಕ್ಕವರ ನಡುವೆ. ನನಗೆ ತಿಳಿದದ್ದೆಲ್ಲ ಮುಗಿದಿದೆ. ಡೆಲ್ಫೀನ್‌ಗೆ ತಿಳಿದದ್ದು ಬೇಕು. ಆದರೆ ಕೇಳಿದರೆ ನನ್ನ ಹೆಸರಿನ ಮುಂದೆ "ದುರ್ಬಲ" ಎಂದು ಬೀಳುತ್ತದೆ, ಅಂಥವರ ಕೆಲಸದ ಒಪ್ಪಂದವನ್ನು ಬೇಸಿಗೆಗೆ ಮುಂಚೆ ಮರುಪರಿಶೀಲಿಸುವುದಾಗಿ ನೀವು ಆ ಬೆಂಚುಗಳ ಮುಂದೆಯೇ ಹೇಳಿದ್ದಿರಿ.

ಕಳೆದ ವಾರ ಡೆಲ್ಫೀನ್ ಬಂದಳು. ಹಡಗು ತೆರೆಯಿತು. ಆಕೆ ನೇರವಾಗಿ ಮಾರ್ಲೀಯ ಪಕ್ಕ ಮಂಡಿಯೂರಿದಳು.

"ನಂಗೊಂಚೂರು ಓದಿ ಹೇಳ್ತೀಯಾ, ಚಿನ್ನ?"

ಮಾರ್ಲೀ ಸಾಲುಗಳ ಕೆಳಗೆ ಬೆರಳಿಟ್ಟು ಓದಿದಳು. ಎಲ್ಲೂ ತಡವರಿಸಲಿಲ್ಲ. ಬಿರುಗಾಳಿ ಬಂದಾಗ ದನಿ ಏರಿಸಿದಳು, ಹಡಗು ಪಾರಾದಾಗ ಇಳಿಸಿದಳು. ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿದ್ದಳು. ಅವಳ ಬೆರಳು ಚಲಿಸುತ್ತಿದ್ದದ್ದು ಜೇನುಹುಳುಗಳ ಪುಟದ ಮೇಲೆ, ಬಾಯಲ್ಲಿ ಮಾತ್ರ ಹಡಗು. ನಾನು ನೋಡಿದೆ. ಡೆಲ್ಫೀನ್ ಕೂಡ ನೋಡಿದಳು.

"ತುಂಬಾ ಚೆನ್ನಾಗಿ ಓದಿದೆ" ಎಂದು ಟ್ಯಾಬ್ಲೆಟ್‌ನಲ್ಲಿ "ಅತ್ಯುತ್ತಮ" ಒತ್ತಿ ಎದ್ದಳು.

ಕಾರಿಡಾರಿನಲ್ಲಿ ಕೇಳಿದಳು: "ಯಾವಾಗಿಂದ ಹೀಗೆ?"

"ಸೆಪ್ಟೆಂಬರ್‌ನಿಂದ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಅದ್ರಲ್ಲಿ ಹಾಕ್ತಿದ್ಯಾ?"

ಆಕೆ ಟ್ಯಾಬ್ಲೆಟ್ ಕಡೆ ನೋಡಿದಳು. "ಹಾಕ್ಲೇಬೇಕು ಕಣೇ. ನನಗೂ ಅಂಕ ಹಾಕೋರಿದಾರೆ."

ಒಳಗೆ ಬಂದಾಗ ಮಾರ್ಲೀ ನನ್ನ ಮೇಜಿನ ಬಳಿ ಕಾಯುತ್ತಿದ್ದಳು. ಮೆಲ್ಲಗೆ, ಜೊತೆಗಾತಿಯ ಹತ್ತಿರ ಹೇಳುವಂತೆ: "ಮಿಸ್, ನಾವು ಸಿಕ್ಕಿಬೀಳ್ಲಿಲ್ಲ, ಅಲ್ವಾ?"

"ನಾವು" ಎಂದಳು. ಈ ವರ್ಷ ಅವಳು ನನ್ನಿಂದ ಪೂರ್ತಿಯಾಗಿ ಕಲಿತ ಪಾಠ ಅದೊಂದೇ: ಗೊತ್ತಿಲ್ಲದ್ದನ್ನು ಹೇಗೆ ಮುಚ್ಚಿಡಬೇಕೆಂಬುದು. ನನಗೆ ಅದನ್ನು ಕಲಿಸಿದವರು ನೀವು. ಇಷ್ಟು ದಕ್ಷವಾಗಿ ತುದಿಯಿಂದ ಬುಡದವರೆಗೆ ಹರಿದ ಬೋಧನೆ ನಮ್ಮ ಶಾಲೆಗಳಲ್ಲಿ ಇನ್ನೊಂದಿಲ್ಲ.

ಆದ್ದರಿಂದ ಬೇಡಿಕೆ. ಅಂಕ ಹಾಕುವ ಕೆಲಸವನ್ನು ಡೆಲ್ಫೀನ್‌ಳಿಂದ ವಾಪಸು ಪಡೆಯಿರಿ. ಬೇರೆ ಯಾರಿಗಾದರೂ ಕೊಡಿ, ನೀವೇ ಇಟ್ಟುಕೊಳ್ಳಿ. ಆಕೆ ಬರಿಗೈಯಲ್ಲಿ ಆ ಪುಟ್ಟ ಕುರ್ಚಿಗೆ ಮರಳಲಿ. ಏಪ್ರಿಲ್ ದೂರವಿಲ್ಲದ್ದರಿಂದ ನಿಮ್ಮ ಆದೇಶಕ್ಕೆ ಕಾಯದೆ ಇಲ್ಲಿಯೇ, ಊರಿನೆದುರು ಕೇಳುತ್ತಿದ್ದೇನೆ: ಈ ಮಗುವಿಗೆ ಓದು ಹೇಗೆ ಕಲಿಸಬೇಕೆಂದು ನನಗೆ ತಿಳಿಯುತ್ತಿಲ್ಲ, ಡೆಲ್ಫೀನ್, ಬಾ. ಮಾನ್ಯರು ಇದನ್ನು ನನ್ನ ಹೆಸರಿನ ಮುಂದೆ ದಾಖಲಿಸಿಕೊಳ್ಳಬಹುದು. ಈ ಪತ್ರವನ್ನು ಆಕೆಗೆ ಮೊದಲೇ ತೋರಿಸಿದ್ದೇನೆ. "ಕಳ್ಸು. ನಾನು ಸುಳ್ಳು ಅಂಕ ಹಾಕಿದ್ದನ್ನೂ ತೆಗೀಬೇಡ. ಕಾಗುಣಿತ ಮಾತ್ರ ಸರಿಯಾಗಿ ನೋಡ್ಕೋ" ಎಂದಳು.

ನಿಮ್ಮ ಕಚೇರಿಗೆ ಕಳಿಸಿದ ಪ್ರತಿಯ ಜೊತೆ ಒಂದು ಪೆಪ್ಪರ್‌ಮಿಂಟ್ ಇಟ್ಟಿದ್ದೇನೆ. ಇದನ್ನು ಓದಿ ಮುಗಿಸಿದ ಕ್ಷಣ ನಿಮಗೆ ಏನೋ ಹೇಳಬೇಕೆನಿಸುತ್ತದೆ. ಅದಕ್ಕೆ ಮೊದಲು ದಯವಿಟ್ಟು ಆ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳಿ. ಕಡಿಯುವ ಹಾಗಿಲ್ಲ.

ಇಂತಿ,
ಜನವರಿಯ ವರದಿಯಂತೆ ಅತ್ಯುತ್ತಮಳಾದ,
ಕಾರ್ಲಿಸ್ ಬೀಮನ್
ಮೂರನೇ ತರಗತಿ, ಸದ್ಯಕ್ಕೆ